ವಾಟರ್ಲೂ ಸಾಕು, ಈಗ ಒಂದು ಜೊತೆ ಎತ್ತು ಮಾಡಿ: ಆಟಿಕೆ ಸಿಪಾಯಿ ತಯಾರಕರಿಗೆ ಬಹಿರಂಗ ಪತ್ರ

ಲಂಡನ್‌, ಹಾಂಗ್‌ಕಾಂಗ್‌, ಸೇಂಟ್ ಪೀಟರ್ಸ್‌ಬರ್ಗ್‌ ಎಲ್ಲೇ ಇರಿ, ಆಟಿಕೆ ಸಿಪಾಯಿಗಳನ್ನು ಎರಕ ಹೊಯ್ದು, ಬಣ್ಣ ಬಳಿದು ಮಾರುವ ಎಲ್ಲರಿಗೂ, ಹಾಗೆಯೇ ನಮ್ಮ ಚನ್ನಪಟ್ಟಣದಲ್ಲಿ ಮರದ ಆಟಿಕೆ ಕಡೆಯುವ ಚರಕಿ ಮುಂದೆ ಕೂತವರಿಗೂ ನಮಸ್ಕಾರ.

ನಾನು ಮೈಸೂರಿನವನು. ವಯಸ್ಸು 58. ನಮ್ಮ ಮನೆ ಹಜಾರದಲ್ಲಿ ಗಾಜಿನ ಬಾಗಿಲಿನ ಕಪಾಟೊಂದಿದೆ. ಬೇರೆಯವರ ಮನೆಯಲ್ಲಾದರೆ ಅದರಲ್ಲಿ ಸ್ಟೀಲ್ ಪಾತ್ರೆ, ಮಕ್ಕಳ ಕಪ್ಪು, ಮೆಡಲು ಇರುತ್ತವೆ. ನಮ್ಮಲ್ಲಿ 600 ಚಿಲ್ಲರೆ ಸಿಪಾಯಿಗಳಿದ್ದಾರೆ. ಬಂದ ನೆಂಟರು ಮೊದಲು ನಗುತ್ತಾರೆ. ಆಮೇಲೆ ಕಾಫಿ ಲೋಟ ಹಿಡಿದುಕೊಂಡೇ ಗಾಜಿನ ಹತ್ತಿರ ಹೋಗಿ ಬಗ್ಗಿ ನೋಡುತ್ತಾರೆ. ಅಲ್ಲಿಗೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ.

ಈ ಹುಚ್ಚು ನನಗೆ ಹತ್ತಿದ್ದು ಅಜ್ಜಿಯ ಬೊಂಬೆ ಪೆಟ್ಟಿಗೆಯಿಂದ. ದಸರಾ ಬಂದರೆ ಅಟ್ಟದಿಂದ ಆ ಮರದ ಪೆಟ್ಟಿಗೆ ಇಳಿಯುತ್ತಿತ್ತು. ಹಳೇ ಸೀರೆ ತುಂಡಿನಲ್ಲಿ ಸುತ್ತಿದ ಪಟ್ಟದ ಗೊಂಬೆ, ಮಣ್ಣಿನ ಚೆಟ್ಟಿಯಾರ್ ದಂಪತಿ, ಅಂಬಾರಿ ಆನೆ, ಬ್ಯಾಂಡ್ ಸೆಟ್ಟು ಎಲ್ಲ ಆದಮೇಲೆ ತಳದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಅದರೊಳಗೆ 7 ಸೀಸದ ಸಿಪಾಯಿಗಳು. ಕೆಂಪು ಕೋಟು, ಭುಜದ ಮೇಲೆ ಬಂದೂಕು. ತಾತನ ಅಣ್ಣ ಯಾರೋ ಬೆಂಗಳೂರಿನ ದಂಡಿನಿಂದ ತಂದದ್ದಂತೆ. ಜಂಬೂಸವಾರಿ ಸಾಲಿನಲ್ಲಿ ಅಂಬಾರಿಯ ಹಿಂದೆ ಅವರನ್ನು ನಿಲ್ಲಿಸುವುದು ನನ್ನ ಕೆಲಸ. ಆನೆ ಚಿಕ್ಕದು, ಸಿಪಾಯಿ ದೊಡ್ಡವನು. ಆನೆಯ ಹೊಟ್ಟೆಗೆ ಸಿಪಾಯಿಯ ಟೋಪಿ ತಾಗುತ್ತಿತ್ತು. ಯಾರಿಗೂ ಅದರಿಂದ ತೊಂದರೆ ಆದಂತೆ ಕಾಣಲಿಲ್ಲ.

ಏಳರಲ್ಲಿ ಒಬ್ಬನ ತಲೆ ಕಿತ್ತು ಬಂದಿತ್ತು. ಅಪ್ಪ ಒಂದು ಬೆಂಕಿಕಡ್ಡಿ ಮುರಿದು, ಅರ್ಧ ಕುತ್ತಿಗೆಯೊಳಗೆ, ಅರ್ಧ ತಲೆಯೊಳಗೆ ತೂರಿಸಿ ಕೂರಿಸಿಬಿಟ್ಟರು. ಒಳಗೆ ಟೊಳ್ಳು ಇದ್ದದ್ದರಿಂದ ಕಡ್ಡಿ ಸಲೀಸಾಗಿ ಹೋಯಿತು. ಪ್ರಪಂಚದಲ್ಲೆಲ್ಲ ಮಕ್ಕಳ ಅಪ್ಪಂದಿರು ಇದನ್ನೇ ಮಾಡುತ್ತಿದ್ದರು ಅಂತ ನನಗೆ ಗೊತ್ತಾದದ್ದು ತುಂಬಾ ವರ್ಷ ಆದಮೇಲೆ. ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ 1893ರಲ್ಲಿ ಟೊಳ್ಳು ಎರಕ ಶುರು ಮಾಡಿತು. ಕಾಯಿಸಿದ ಸೀಸವನ್ನು ಅಚ್ಚಿಗೆ ಹೊಯ್ದು, ಅಂಚು ಗಟ್ಟಿಯಾಗುತ್ತಿದ್ದ ಹಾಗೆ ಉಳಿದದ್ದನ್ನು ಆಚೆ ಸುರಿದುಬಿಡುವುದು. ದೋಸೆ ಕಾವಲಿಗೆ ಹಿಟ್ಟು ಹೊಯ್ದು ಜಾಸ್ತಿಯಾದದ್ದನ್ನು ವಾಪಸ್ ಪಾತ್ರೆಗೆ ಬಗ್ಗಿಸಿದ ಹಾಗೆ. ಸೀಸ ಉಳಿಯಿತು, ತೂಕ ಇಳಿಯಿತು, ಬೆಲೆಯೂ ಇಳಿಯಿತು. ಜರ್ಮನಿಯ ಗಟ್ಟಿ ಎರಕದ ಸಿಪಾಯಿಗಳು ಇಂಗ್ಲೆಂಡಿನ ಅಂಗಡಿಗಳಲ್ಲಿ ಹಿಂದೆ ಬಿದ್ದವು. ಬ್ರಿಟನ್ ಕಂಪನಿ ಹಿಡಿದ 54 ಮಿಲಿಮೀಟರ್ ಎತ್ತರವೇ ಇವತ್ತಿಗೂ ನಮ್ಮಂಥವರ ಅಳತೆ. ಅಂದರೆ ನಿಜವಾದ ಮನುಷ್ಯನ 32ರಲ್ಲಿ ಒಂದು ಪಾಲು. 1966ರ ಹೊತ್ತಿಗೆ ಸೀಸದ ಕಾಲ ಮುಗಿಯಿತು. ಆಮೇಲೆ ಪ್ಲಾಸ್ಟಿಕ್. ಸೀಸ ವಿಷ, ಮಕ್ಕಳು ಬಾಯಿಗೆ ಇಡುತ್ತವೆ, ನಿಲ್ಲಿಸಿದ್ದೇ ಸರಿ. ಅಜ್ಜಿಯ ಏಳು ಜನರನ್ನು ನಾನೂ ಗಾಜಿನ ಒಳಗೇ ಇಟ್ಟಿದ್ದೇನೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಕಪಾಟಿನಲ್ಲಿರುವ 600 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮೂರೇ ಯುದ್ಧದವರು. ನೆಪೋಲಿಯನ್ ಸೋತ 1815ರ ವಾಟರ್ಲೂ, ಆಫ್ರಿಕಾದಲ್ಲಿ ಬ್ರಿಟಿಷರಿಗೂ ಜುಲು ಜನರಿಗೂ ನಡೆದ 1879ರ ಜುಲು ಯುದ್ಧ, ಎರಡನೇ ಮಹಾಯುದ್ಧದ 1944ರ ನಾರ್ಮಂಡಿ. ನನಗೆ ಆ ಯುದ್ಧಗಳ ಮೇಲೆ ವಿಶೇಷ ಪ್ರೀತಿ ಏನೂ ಇಲ್ಲ. ನೀವು ಮಾಡಿದ್ದು ಅದನ್ನೇ, ನನಗೆ ಸಿಕ್ಕಿದ್ದೂ ಅದೇ. ರೋರ್ಕ್ಸ್ ಡ್ರಿಫ್ಟ್ ಅನ್ನುವ ಒಂದು ಮಿಷನ್ ಕಟ್ಟಡವನ್ನು ಬ್ರಿಟಿಷರ ಕಡೆಯ 150 ಜನ ಜುಲುಗಳಿಂದ ಒಂದು ರಾತ್ರಿ ಕಾಪಾಡಿಕೊಂಡ ಕಥೆಯನ್ನು ನೀವು ಎಷ್ಟು ಸಲ ಮಾಡಿದ್ದೀರಿ! ಮೆಕ್ಕೆಜೋಳದ ಮೂಟೆಯ ಗೋಡೆ ಮಾಡಿದ್ದೀರಿ. ಬಿಸ್ಕತ್ತಿನ ಪೆಟ್ಟಿಗೆ ಮಾಡಿದ್ದೀರಿ. ಹುಲ್ಲಿನ ಚಾವಣಿಗೆ ಬೆಂಕಿ ಬಿದ್ದದ್ದನ್ನೂ ಮಾಡಿದ್ದೀರಿ. ಅದೇ ದಿನ, ಅದಕ್ಕೆ ಕೆಲವು ಗಂಟೆ ಮುಂಚೆ, ಕೆಲವೇ ಮೈಲಿ ದೂರದ ಇಸಾಂಡ್ಲ್ವಾನಾದಲ್ಲಿ ಜುಲು ಸೈನ್ಯ ಬ್ರಿಟಿಷರ 1,300ಕ್ಕೂ ಹೆಚ್ಚು ಜನರನ್ನು ಮುಗಿಸಿಹಾಕಿತ್ತು. ಅದನ್ನೂ ಮಾಡಿದ್ದೀರಿ, ಇಲ್ಲ ಅಂತಲ್ಲ. ಆದರೆ ನನ್ನ ಹತ್ತಿರ ಇರುವ ಜುಲು ಯೋಧರಲ್ಲಿ ಸುಮಾರು ಜನ ಗುಂಡು ತಾಗಿ ಹಿಂದಕ್ಕೆ ಬೀಳುತ್ತಿರುವ ಭಂಗಿಯಲ್ಲಿದ್ದಾರೆ. ಕೆಂಪು ಕೋಟಿನವರಲ್ಲಿ ಹಾಗೆ ಬೀಳುವವನು ಒಬ್ಬನೋ ಇಬ್ಬರೋ. ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಬೀಳುವುದಕ್ಕೆಂದೇ ಎರಕ ಹೊಯ್ದ ಸಿಪಾಯಿಯನ್ನು ಯಾವ ಮಗು ತಾನೇ ಗೆಲ್ಲಿಸಲು ಆಗುತ್ತೆ ಹೇಳಿ?

ಹಾಗಾಗಿ ನನ್ನ ಬೇಡಿಕೆ ಸೀದಾ ಇದೆ. ಎರಡೂ ಕಡೆಯವರು ನೆಟ್ಟಗೆ ನಿಂತಿರುವ ಯುದ್ಧ ಮಾಡಿ. ಸೈನ್ಯವನ್ನು ಪೂರ್ತಿಯಾಗಿ ಮಾಡಿ, ಬಂದೂಕು ಹಿಡಿದವರನ್ನಷ್ಟೇ ಅಲ್ಲ. ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆ ದೂರದ ಶ್ರೀರಂಗಪಟ್ಟಣದಿಂದ ಶುರು ಮಾಡಿ.

ನಿಮಗೆ ಶ್ರೀರಂಗಪಟ್ಟಣ ಗೊತ್ತಿಲ್ಲದ ಊರೇನಲ್ಲ. ನಿಮ್ಮ ವಾಟರ್ಲೂ ಪೆಟ್ಟಿಗೆಯ ಮೇಲೆ ಕುದುರೆ ಏರಿ ಕೂತಿರುತ್ತಾನಲ್ಲ, ಡ್ಯೂಕ್ ಆಫ್ ವೆಲ್ಲಿಂಗ್ಟನ್, ಅವನು 1799ರಲ್ಲಿ ಬರೀ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಆ ವರ್ಷ ಏಪ್ರಿಲ್ 5ರ ರಾತ್ರಿ ಕೋಟೆಯ ಹೊರಗಿನ ಸುಲ್ತಾನ್‌ಪೇಟೆ ತೋಪಿನೊಳಗೆ ಪಡೆ ನುಗ್ಗಿಸಿದ. ಕಗ್ಗತ್ತಲು, ಒಳಗೆಲ್ಲ ಕಾಲುವೆ, ಮರಗಳ ಸಂದಿಯಿಂದ ಟಿಪ್ಪು ಕಡೆಯವರ ಗುಂಡು ಮತ್ತು ರಾಕೆಟ್. ದಾರಿ ತಪ್ಪಿತು, ಪಡೆ ಚದುರಿತು, ಮೊಣಕಾಲಿಗೆ ಏಟು ಬಿತ್ತು, ಕೆಲವರನ್ನು ಸೆರೆಗೆ ಬಿಟ್ಟು ವಾಪಸ್ ಬಂದ. ಮಾರನೇ ದಿನ ಬೆಳಕಿನಲ್ಲಿ ಆ ತೋಪು ಅವರ ಕೈಗೆ ಬಂತು, ಅದು ಬೇರೆ ಮಾತು. ವಾಟರ್ಲೂವಿನ ವೆಲ್ಲಿಂಗ್ಟನ್ ನನ್ನ ಹತ್ತಿರ ನಾಲ್ಕು ಜನ ಇದ್ದಾರೆ. ಕತ್ತಲಲ್ಲಿ, ಬೇರೆಯವರ ತೋಪಿನಲ್ಲಿ, ಮೊಣಕಾಲು ಹಿಡಿದುಕೊಂಡು ನಿಂತ ವೆಲ್ಲೆಸ್ಲಿ ಒಬ್ಬ ಬೇಕು. ಅವನನ್ನು ಮಾಡುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ?

ಆದರೆ ಮೊದಲು ಮಾಡಬೇಕಾದ್ದು ಅದಲ್ಲ. ಮೊದಲು 1780ರ ಪೊಲ್ಲಿಲೂರು. ಕಾಂಚೀಪುರದ ಹತ್ತಿರ, ಸೆಪ್ಟೆಂಬರ್ 10ರಂದು, ಹೈದರ್ ಅಲಿ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಪಡೆಯನ್ನು ಪೂರ್ತಿ ಮುರಿದ ಯುದ್ಧ. ಮದ್ದಿನ ಗಾಡಿಗಳಿಗೆ ಬೆಂಕಿ ಬಿತ್ತು, ಕಂಪನಿ ಪಡೆಯ ಚೌಕ ಒಡೆಯಿತು, ಬೈಲಿ ಸೆರೆಯಾದ. ಕಂಪನಿಗೆ ಇಂಡಿಯಾದಲ್ಲಿ ಅಲ್ಲಿಯವರೆಗೆ ಅಂಥ ಸೋಲು ಆಗಿರಲಿಲ್ಲ.

ಇದನ್ನೇ ಮೊದಲು ಮಾಡಿ ಅನ್ನುವುದಕ್ಕೆ ಊರಿನ ಅಭಿಮಾನ ಕಾರಣ ಅಂದುಕೊಳ್ಳಬೇಡಿ. ಸ್ವಲ್ಪ ಅದೂ ಇದೆ ಬಿಡಿ. ಆದರೆ ನಿಜವಾದ ಕಾರಣ, ಈ ಯುದ್ಧದ ಚಿತ್ರ ಗೋಡೆ ಮೇಲೆ ಇದೆ. ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಬಾಗ್‌ನ ಪಡಸಾಲೆಯಲ್ಲಿ ಇಡೀ ಗೋಡೆಯ ತುಂಬ ಪೊಲ್ಲಿಲೂರು. ನಾನು ಅದರ ಮುಂದೆ ಎಷ್ಟು ಸಲ ನಿಂತಿದ್ದೇನೋ ಲೆಕ್ಕ ಇಟ್ಟಿಲ್ಲ. ಸಾಲು ಸಾಲು ಸಿಪಾಯಿಗಳು, ಒಬ್ಬರ ಪಕ್ಕ ಒಬ್ಬರು, ಒಂದೇ ಭಂಗಿ, ಒಂದೇ ಬಣ್ಣ. ಯಾರೋ ದೊಡ್ಡ ಪೆಟ್ಟಿಗೆ ತೆರೆದು ಆಟಿಕೆ ಸಿಪಾಯಿಗಳನ್ನು ಜೋಡಿಸಿಟ್ಟ ಹಾಗೇ ಕಾಣುತ್ತದೆ. ನಡುವೆ ಕೆಂಪು ಕೋಟಿನವರ ಚೌಕ. ಆ ಚೌಕದ ನಡುವೆ, ಗಾಯಗೊಂಡು ಪಲ್ಲಕ್ಕಿಯಲ್ಲಿ ಕೂತ ಬೈಲಿ. ಮೇಲೆ ಸಿಡಿಯುತ್ತಿರುವ ಮದ್ದಿನ ಗಾಡಿ. ಸುತ್ತ ನುಗ್ಗಿ ಬರುವ ಕುದುರೆಗಳು, ಉರುಳಿದ ತಲೆಗಳು. ಹೋದ ಸಲ ಒಬ್ಬ ಕುದುರೆ ಸವಾರನ ಮೀಸೆ ನೋಡುತ್ತಾ ನಿಂತಿದ್ದೆ. ಕೂದಲೆಳೆಯಷ್ಟು ಸಣ್ಣ ಗೀಟು, ತುದಿ ಚೂರು ಮೇಲಕ್ಕೆ. ಅದನ್ನು ಬರೆದವನು ಉಸಿರು ಬಿಗಿ ಹಿಡಿದೇ ಬರೆದಿರಬೇಕು. 54 ಮಿಲಿಮೀಟರ್ ಮುಖಕ್ಕೆ ಮೀಸೆ ಬರೆಯುವಾಗ ನಾನೂ ಹಾಗೇ ಮಾಡುತ್ತೇನೆ.

ಈ ಚಿತ್ರದ ಕಥೆ ಯುದ್ಧಕ್ಕಿಂತ ಚೆನ್ನಾಗಿದೆ. ಬರೆಸಿದ್ದು ಟಿಪ್ಪು, 1784ರ ಆಸುಪಾಸಿನಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಆ ಅರಮನೆಯಲ್ಲಿ ಬಂದು ಉಳಿದವನು ಅದೇ ವೆಲ್ಲೆಸ್ಲಿ. ಅಷ್ಟು ಹೊತ್ತಿಗೆ ಚಿತ್ರ ಕೆಟ್ಟಿತ್ತು. ತನ್ನವರು ಸೋತ ಚಿತ್ರ, ಅಳಿಸಿಹೋದರೆ ಹೋಗಲಿ ಅನ್ನಬಹುದಿತ್ತು. ಅವನು ಅದನ್ನು ಸರಿ ಮಾಡಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್ಹೌಸಿ ಬಂದಾಗ ಮತ್ತೆ ಮಾಸಿತ್ತು, ಅವನೂ ಬರೆಸಿದ. ತಮ್ಮ ಸೋಲನ್ನು ಎರಡು ಸಲ ದುಡ್ಡು ಕೊಟ್ಟು ಬರೆಸಿದವರ ಊರಿನವರು ನೀವು. ಒಂದು ಪೆಟ್ಟಿಗೆ ಮಾಡಿ ಮಾರುವುದಕ್ಕೆ ನಿಮಗೆ ಏನು ಕಷ್ಟ?

ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ಹೀಗೆ ಮತ್ತೆ ಮತ್ತೆ ಬರೆಸಿದ ಚಿತ್ರ ಆದ್ದರಿಂದ ಬಣ್ಣಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ಭಂಗಿ, ಸಾಲು, ಆಯುಧ, ಜೀನು ಇವನ್ನು ಗೋಡೆಯಿಂದ ತಗೊಳ್ಳಿ. ಬಟ್ಟೆಯ ಬಣ್ಣಕ್ಕೆ ಆ ಕಾಲದ ಬೇರೆ ಚಿತ್ರ, ಬರಹ ನೋಡಿ. ಇನ್ನೊಂದು ವಿಷಯ, ಎಲ್ಲರಿಗೂ ಹುಲಿಪಟ್ಟೆ ಬಳಿಯಬೇಡಿ. ನೇರಳೆ ಬಟ್ಟೆಯ ಮೇಲೆ ಬಿಳಿ ಹುಲಿಪಟ್ಟೆ ಟಿಪ್ಪುವಿನ ಕಾಲದ ಪದಾತಿಯದು. 1780ರಲ್ಲಿ ಪಟ್ಟದಲ್ಲಿದ್ದವನು ಹೈದರ್. ಹುಲಿಪಟ್ಟೆ ಹಾಕಿದರೆ ಪೆಟ್ಟಿಗೆ ಚೆನ್ನಾಗಿ ಮಾರಾಟ ಆಗುತ್ತೆ ಅಂತ ಗೊತ್ತು. ಹಾಕುವುದಾದರೆ ಟಿಪ್ಪುವಿನ 1792ರ, 1799ರ ಯುದ್ಧಗಳಿಗೆ ಹಾಕಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನಗಾದ ಒಂದು ಕಹಿ ಅನುಭವವೇ ಕಾರಣ. ಕೆಲವು ವರ್ಷದ ಹಿಂದೆ ಹೊರದೇಶದ ಒಂದು ಕಂಪನಿಯಿಂದ ಮೈಸೂರು ಯುದ್ಧದ ಸೆಟ್ ತರಿಸಿದೆ. ಹೆಸರು ಬೇಡ. ಪೆಟ್ಟಿಗೆ ಬಂದ ದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದೆ, ಅಷ್ಟು ಆಸೆ. ಬಿಚ್ಚಿ ನೋಡಿದರೆ ಕೆಂಪು ಕೋಟಿನವರೆಲ್ಲರ ಮುಖವೂ ಗುಲಾಬಿ ಬಣ್ಣ, ಕೆನ್ನೆ ಮೇಲೆ ಒಂದೊಂದು ಕೆಂಪು ಚುಕ್ಕೆ. ಎಲ್ಲರಿಗೂ ಉದ್ದ ಪ್ಯಾಂಟು. ಎದುರು ಕಡೆಯವರಿಗೆಲ್ಲ ಒಂದೇ ಕಂದು ಬಣ್ಣ, ಒಂದೇ ಗಡ್ಡ, ಕೈಯಲ್ಲಿ ಡೊಂಕು ಕತ್ತಿ. ಮೈಸೂರಿನ ಸೈನ್ಯವೋ ಯಾವುದೋ ಹಳೇ ಅರೇಬಿಯಾ ನಾಟಕದ ಪಾತ್ರಧಾರಿಗಳೋ ಗೊತ್ತಾಗಲಿಲ್ಲ. ಮನೆಯವಳು ನೋಡಿ, "ಇಷ್ಟಕ್ಕಾ ರಜೆ ಹಾಕಿದ್ದು?" ಅಂದಳು.

ಪೊಲ್ಲಿಲೂರಿನಲ್ಲಿ ಬೈಲಿಯ ಜೊತೆ ಇದ್ದದ್ದು ನಾಲ್ಕು ಸಾವಿರದ ಹತ್ತಿರ ಜನ. ಅವರಲ್ಲಿ ಯುರೋಪಿನವರು ಕೆಲವು ನೂರು. ಉಳಿದವರೆಲ್ಲ ಮದರಾಸು ಕಡೆಯ ಸಿಪಾಯಿಗಳು, ನಮ್ಮವರೇ. ಕೆಂಪು ಕೋಟು, ತೊಡೆ ಮುಚ್ಚುವಷ್ಟು ಗಿಡ್ಡ ಬಿಳಿ ಚಡ್ಡಿ, ಬರಿಗಾಲು ಇಲ್ಲವೇ ಚಪ್ಪಲಿ. ಎದುರು ಕಡೆ ಹೈದರನ ಸೈನ್ಯದಲ್ಲಿ ಫ್ರೆಂಚರು ಇದ್ದರು, ಗೋಡೆಯ ಮೇಲೂ ಇದ್ದಾರೆ. ಮೈಸೂರಿನ ಪದಾತಿಗೆ ಬಂದೂಕು, ಬಯನೆಟ್, ಕವಾಯತು ಎಲ್ಲ ಇತ್ತು. ಅಂದರೆ ಬಿಳಿಯರು ಒಂದು ಕಡೆ, ಕಂದು ಬಣ್ಣದವರು ಇನ್ನೊಂದು ಕಡೆ ಅನ್ನುವ ಯುದ್ಧವೇ ಅಲ್ಲ ಅದು. ಆ ಗುಲಾಬಿ ಮುಖದ 20 ಜನರಲ್ಲಿ 17 ಜನರಿಗೆ ನಾನೇ ಮತ್ತೆ ಬಣ್ಣ ಬಳಿದೆ. ಪ್ಯಾಂಟನ್ನು ಬ್ಲೇಡಿನಿಂದ ಕೆರೆದು ಚಡ್ಡಿ ಮಾಡಿದೆ. ಎರಡು ತಿಂಗಳು ಹಿಡಿಯಿತು. ಒಬ್ಬನ ಮಂಡಿ ಹಾಳಾಯಿತು. ಅವನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದೇನೆ.

ಮೈಸೂರು ಯುದ್ಧ ಅಂದಮೇಲೆ ರಾಕೆಟ್ ಬಿಡುವ ಹಾಗಿಲ್ಲ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಉದ್ದದ ಬಿದಿರಿಗೋ ಕತ್ತಿಯ ಅಲಗಿಗೋ ಕಟ್ಟಿ ಹಾರಿಸುತ್ತಿದ್ದರು. ಅದನ್ನು ನೋಡಿಕೊಂಡೇ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು. ಕಾಂಗ್ರೀವ್ ರಾಕೆಟ್ ಪಡೆ ನಿಮ್ಮ ನೆಪೋಲಿಯನ್ ಪಟ್ಟಿಯಲ್ಲಿ ಸಿಗುತ್ತೆ, ಅದರ ತಾಯಿಯನ್ನು ಹುಡುಕಬೇಕಾಗುತ್ತೆ! 2018ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೇ ಬಿದನೂರಿನಲ್ಲಿ, ಬತ್ತಿದ ಬಾವಿಯೊಂದನ್ನು ತೋಡಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಒಂದು ಗೇಣಿನ ಆಸುಪಾಸಿನವು. 32ರಲ್ಲಿ ಒಂದು ಪಾಲಿಗೆ ಇಳಿಸಿದರೆ ಒಂದು ಅಕ್ಕಿ ಕಾಳಿಗಿಂತ ಚೂರು ಉದ್ದ. ನಾನು ಹೊಲಿಗೆ ಸೂಜಿಯ ತುದಿ ಕತ್ತರಿಸಿ ಮಾಡಿ ನೋಡಿದ್ದೇನೆ, ಬಿದಿರಿಗೆ ಪೊರಕೆ ಕಡ್ಡಿ. ತೆಂಗಿನ ಪೊರಕೆಯದು ದಪ್ಪ ಆಗುತ್ತೆ, ಹುಲ್ಲು ಪೊರಕೆಯದೇ ಸರಿ.

ಈಗ ಎತ್ತಿನ ವಿಷಯ. ಈ ಪತ್ರ ಬರೆಯಲು ಕೂತದ್ದೇ ಇದಕ್ಕೆ.

1791ರ ಮೇ ತಿಂಗಳಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲ ತನಕ ಬಂದಿದ್ದ. ಅರಕೆರೆ ಹತ್ತಿರ ನಡೆದ ಯುದ್ಧದಲ್ಲಿ ಅವನದೇ ಮೇಲುಗೈ. ಆದರೂ ಕೋಟೆ ಮುಟ್ಟದೆ ವಾಪಸ್ ಹೋದ. ಯಾಕೆ? ಎತ್ತುಗಳು ಸತ್ತವು. ಮಳೆ, ಮೇವಿಲ್ಲ, ರೋಗ. ಕೋಟೆ ಒಡೆಯಲು ಎಳೆದು ತಂದ ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ ಅಲ್ಲೇ ಹಾಳುಗೆಡವಿ ಹೋಗಬೇಕಾಯಿತು. ಮರುವರ್ಷ ಮತ್ತೆ ಬಂದ. ಬರುವಾಗ ಲಂಬಾಣಿಗಳ ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೊರಿಸಿಕೊಂಡು ಬಂದ. ಆಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ನಡುವೆ ಬೇರೆಯದೂ ಸಾಕಷ್ಟು ನಡೆಯಿತು, ಆದರೆ ಎತ್ತು ಇಲ್ಲದ ವರ್ಷಕ್ಕೂ ಎತ್ತು ಇದ್ದ ವರ್ಷಕ್ಕೂ ಇರುವ ವ್ಯತ್ಯಾಸ ನೋಡಿ. ಇತ್ತ ಮೈಸೂರಿನ ಕಡೆ ಅಮೃತಮಹಲ್ ಎತ್ತುಗಳಿದ್ದವು. ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರ್ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ಹಿಂದಕ್ಕೆ ಬಾಗಿದ ಉದ್ದ ಕೊಂಬು, ಬೂದು ಮೈ, ತೆಳು ಕಾಲು, ನಡಿಗೆಯಲ್ಲಿ ಕುದುರೆಯ ಬಿರುಸು. ಟಿಪ್ಪು ಹೋದಮೇಲೆ ಕಂಪನಿಯವರು ಕೋಟೆಯ ಜೊತೆ ಈ ಹಿಂಡುಗಳನ್ನೂ ವಶಕ್ಕೆ ತಗೊಂಡರು. ವೆಲ್ಲೆಸ್ಲಿ ಈ ನಾಡಿನಲ್ಲಿದ್ದಾಗ ಬರೆದ ಕಾಗದಗಳನ್ನು ತೆಗೆದು ನೋಡಿ, ಎತ್ತು, ಅಕ್ಕಿ, ಮತ್ತೆ ಎತ್ತು.

ನಿಮ್ಮ ಪೆಟ್ಟಿಗೆಗಳಲ್ಲಿ ಫಿರಂಗಿ ಇರುತ್ತೆ, ಅದರ ಮುಂದೆ ಆರು ಕುದುರೆ ಇರುತ್ತೆ. ನಮ್ಮ ಯುದ್ಧಕ್ಕೆ ಕುದುರೆ ಸಾಲದು. ಒಂದು ದೊಡ್ಡ ಫಿರಂಗಿ, ಅದಕ್ಕೆ ಜೋಡಿ ಜೋಡಿಯಾಗಿ ಕಟ್ಟಿದ ಎತ್ತಿನ ಸಾಲು, ಕೆಸರಿನಲ್ಲಿ ಚಕ್ರ ಹೂತಾಗ ಹಿಂದಿನಿಂದ ಹಣೆ ಕೊಟ್ಟು ನೂಕುವ ಒಂದು ಆನೆ. ಹಗ್ಗ ಹಿಡಿದ ಹುಡುಗ. ತೊಗಲಿನ ಚೀಲದಲ್ಲಿ ನೀರು ಹೊತ್ತ ಭಿಸ್ತಿ. ಧಾನ್ಯದ ಚೀಲ ಹೇರಿದ ಎತ್ತಿನ ಪಕ್ಕ ನಡೆಯುವ ಲಂಬಾಣಿ ಹೆಂಗಸು, ಅವಳ ಲಂಗದ ಕನ್ನಡಿ ಚೂರುಗಳು. ಅದಕ್ಕೆ ಬಣ್ಣ ಬಳಿಯಲು ಯಾರಿಗೆ ಆಸೆ ಆಗುವುದಿಲ್ಲ ಹೇಳಿ? ನಿಮ್ಮ ಪಟ್ಟಿಯಲ್ಲಿ ಹೆಂಗಸರೇ ಕಡಿಮೆ. ಇದ್ದರೂ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸ್.

ಟಿಪ್ಪು ಹೆಸರು ಎತ್ತಿದರೆ ನಮ್ಮಲ್ಲಿ ಜಗಳ ಶುರುವಾಗುತ್ತೆ ಅಂತ ನಿಮ್ಮ ಕಿವಿಗೂ ಬಿದ್ದಿರಬಹುದು. ನಿಜ. ಮಡಿಕೇರಿಯ ನನ್ನ ಗೆಳೆಯನೊಬ್ಬ ಈ ಕಪಾಟಿನ ಮುಂದೆ ನಿಂತು, "ನಿನ್ನ ಹುಲಿಪಟ್ಟೆಯವರೆಲ್ಲ ಚೆನ್ನಾಗಿದ್ದಾರೆ, ನಮ್ಮವರೆಲ್ಲಿ?" ಅಂತ ಕೇಳಿದ. ಕೊಡಗಿನಲ್ಲಿ ಆ ಕಾಲ ಏನು ಮಾಡಿತು ಅನ್ನುವುದು ಅವನ ಮನೆಯಲ್ಲಿ ಇವತ್ತಿಗೂ ಮಾತಾಡುವ ವಿಷಯ. ಅವನು ಕೇಳಿದ್ದು ನ್ಯಾಯ. 1799ರ ಮಾರ್ಚ್ 6ರಂದು ಪಿರಿಯಾಪಟ್ಟಣದ ಆಚೆ, ಕೊಡಗಿನ ಗಡಿಯ ಸಿದ್ದೇಶ್ವರದ ಹತ್ತಿರ ಟಿಪ್ಪುವಿನ ಪಡೆಗೂ ಬೊಂಬಾಯಿ ಸೈನ್ಯಕ್ಕೂ ಕಾಳಗ ಆಯಿತು. ಕೊಡಗಿನ ವೀರರಾಜ ಅಲ್ಲಿ ಕಂಪನಿಯವರ ಜೊತೆ ಇದ್ದ. ಕುಪ್ಪಸ, ಸೊಂಟಕ್ಕೆ ಚೇಲೆ, ಪೀಚೆಕತ್ತಿ, ಹಿಂದೆ ಒಡಿಕತ್ತಿ. ಇಷ್ಟು ಚೆಂದದ ಉಡುಪು ಇರುವ ಸೈನ್ಯವನ್ನು ಮಾಡದೆ ಬಿಡುವುದುಂಟೇ? ನನ್ನ ಸಲಹೆ ಏನೆಂದರೆ ರಾಜರನ್ನು ಬಿಟ್ಟುಬಿಡಿ. ಟಿಪ್ಪು ಬೇಡ, ಕಾರ್ನ್‌ವಾಲಿಸ್ ಬೇಡ, ಆನೆ ಮೇಲೆ ಕೂತ ಯಾರೂ ಬೇಡ. ನೆಲದ ಮೇಲೆ ನಡೆದವರನ್ನು ಮಾಡಿ. ವೆಲ್ಲೆಸ್ಲಿ ಒಬ್ಬನಿಗೆ ಮಾತ್ರ ವಿನಾಯಿತಿ, ಆ ಮೊಣಕಾಲಿನ ಸಲುವಾಗಿ.

ಅಂದಹಾಗೆ, ನಮ್ಮೂರಿನ ಅತಿ ದೊಡ್ಡ ಆಟಿಕೆ ಸಿಪಾಯಿ ನಿಮ್ಮ ಲಂಡನ್ನಿನಲ್ಲೇ ಇದ್ದಾನೆ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ಟಿಪ್ಪುವಿನ ಮರದ ಹುಲಿಯ ಕೆಳಗೆ ಅಂಗಾತ ಬಿದ್ದುಕೊಂಡು. ಆರಡಿಗೆ ಸ್ವಲ್ಪ ಕಡಿಮೆ ಉದ್ದದ ಆಟಿಕೆ ಅದು. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತೆ, ಅವನು ಕೈ ಎತ್ತಿ ನರಳುತ್ತಾನೆ. ಬೀಳುವ ಭಂಗಿಯ ಸಿಪಾಯಿಯನ್ನು ನಾವೂ ಮಾಡಿದ್ದೆವು ಅಂತ ನೀವು ಎದುರು ಮಾತಾಡಬಹುದು. ಒಪ್ಪಿಕೊಂಡೆ.

ಇನ್ನೊಂದು ಯುದ್ಧ ಕೇಳುತ್ತೇನೆ, ಇದು ಸುಲಭ. 1918ರ ಸೆಪ್ಟೆಂಬರ್ 23, ಈಗಿನ ಇಸ್ರೇಲಿನ ಹೈಫಾ. ಮೈಸೂರು ಲಾನ್ಸರ್ಸ್ ಮತ್ತು ಜೋಧಪುರ ಲಾನ್ಸರ್ಸ್ ಕುದುರೆ ಮೇಲೆ ಈಟಿ ಹಿಡಿದು, ಫಿರಂಗಿ ಮತ್ತು ಮೆಷಿನ್ ಗನ್ನುಗಳ ಎದುರು ನುಗ್ಗಿ ಊರು ಹಿಡಿದರು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಕಡೆ ಹತ್ತಿದವರು ಮೈಸೂರಿನವರು. ಸೆರೆ ಸಿಕ್ಕಿದ್ದು 1,350 ಜನ, 17 ಫಿರಂಗಿ, 11 ಮೆಷಿನ್ ಗನ್. ಸತ್ತ ಸವಾರರು 8, ಸತ್ತ ಕುದುರೆಗಳು 60. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ಮೈಸೂರಿನವನು. ಮೊದಲ ಮಹಾಯುದ್ಧ ಅಂದರೆ ನಿಮಗೆ ಫ್ರಾನ್ಸಿನ ಕಂದಕ, ಕೆಸರು, ಮುಳ್ಳುತಂತಿ ಅಷ್ಟೇ. ಖಾಕಿ ಉಡುಪಿನ, ರುಮಾಲು ಕಟ್ಟಿದ ಲಾನ್ಸರ್ ಅಚ್ಚು ನಿಮ್ಮಲ್ಲಿ ಕೆಲವರ ಹತ್ತಿರ ಈಗಾಗಲೇ ಇದೆ. ಪೆಟ್ಟಿಗೆ ಮೇಲೆ ಸುಮ್ನೆ 'ಇಂಡಿಯನ್ ಲಾನ್ಸರ್' ಅಂತ ಬರೆಯುತ್ತೀರಿ. ನಿಮ್ಮ ಕಡೆಯ ಒಂದೊಂದು ಜಿಲ್ಲೆಯ ರೆಜಿಮೆಂಟಿಗೂ ಗುಂಡಿಯ ಬಣ್ಣ ಬೇರೆ ಮಾಡುವ ನೀವು, ಇಲ್ಲಿ ಊರಿನ ಹೆಸರು ಹಾಕಿದರೆ ಸಾಕು.

ಹಂಪಿಯವರನ್ನು ಮಾಡಿ, 1565ರ ತಾಳಿಕೋಟೆ ಮಾಡಿ ಅಂತ ಕೇಳುವವರು ನನ್ನ ಗೆಳೆಯರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ತಾಳಿಕೋಟೆಗಿಂತ ಮಹಾನವಮಿ ದಿಬ್ಬ ಮಾಡಿ ಅನ್ನುತ್ತೇನೆ. ಹಜಾರರಾಮ ಗುಡಿಯ ಹೊರಗೋಡೆ ಸುತ್ತಿ ಬನ್ನಿ. ಆನೆ ಸಾಲು, ಕುದುರೆ ಸಾಲು, ಕುದುರೆಯ ಕಡಿವಾಣ ಹಿಡಿದವರು, ಕತ್ತಿ ಗುರಾಣಿಯವರು, ಕೋಲಾಟದ ಹೆಂಗಸರು. ಯುದ್ಧವಲ್ಲ, ಮೆರವಣಿಗೆ. ಅಜ್ಜಿಯ ಬೊಂಬೆ ಹಬ್ಬದ ಸಾಲಿಗೆ ಇದೇ ಹೊಂದುತ್ತದೆ. ಇನ್ನೂ ಹಿಂದಕ್ಕೆ ಹೋಗುವವರಿಗೆ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಬೇಗೂರಿನ ವೀರಗಲ್ಲಿದೆ. ಗಂಗರ ಕಡೆಯವರು, ನೊಳಂಬರು, ಆನೆ ಕುದುರೆ ಎಲ್ಲ ಒಂದೇ ಕಲ್ಲಿನಲ್ಲಿ, ಸಾವಿರ ವರ್ಷಕ್ಕೂ ಹಿಂದಿನ ಯುದ್ಧ. ಆತಕೂರಿನ ಕಲ್ಲೂ ಅಲ್ಲೇ. 949ರ ತಕ್ಕೋಲಂ ಯುದ್ಧದಲ್ಲಿ ಗೆಲ್ಲಲು ಹೋರಾಡಿದ ಮಣಲೆರ ಅನ್ನುವ ವೀರ, ಗಂಗರ ಅರಸ ಬೂತುಗನ ಹತ್ತಿರ ಬಹುಮಾನವಾಗಿ ಕೇಳಿಕೊಂಡದ್ದು ಕಾಳಿ ಅನ್ನುವ ಒಂದು ನಾಯಿಯನ್ನು. ಆ ನಾಯಿ ಹಂದಿಯ ಜೊತೆ ಹೋರಾಡಿ ಸತ್ತಾಗ ಕಲ್ಲು ನೆಡಿಸಿದರು. ಯುದ್ಧ ಬೇಡ, ಆ ನಾಯಿ ಒಂದನ್ನು ಯಾರಾದರೂ ಮಾಡಿದರೆ ನಾನು ಎರಡು ತಗೊಳ್ಳುತ್ತೇನೆ.

ಬೇಡದ್ದನ್ನೂ ಹೇಳಬೇಕಲ್ವಾ? ಈಚಿನ ಯುದ್ಧಗಳು ನನಗೆ ಬೇಡ. ನಮ್ಮ ಹಿಂದಿನ ಬೀದಿಯ ಮನೆಯೊಂದರಲ್ಲಿ ಸಮವಸ್ತ್ರದ ಹುಡುಗನ ಫೋಟೋಗೆ ಹಾರ ಹಾಕಿದ್ದಾರೆ. ಅವನ ತಾಯಿ ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಸಿಗುತ್ತಾರೆ. ಅವನ ಯುದ್ಧವನ್ನು ಕಪಾಟಿನಲ್ಲಿ ಜೋಡಿಸಿಡುವ ಮನಸ್ಸು ನನಗಿಲ್ಲ. ಬೇರೆಯವರು ಇಡುತ್ತಾರೆ, ಅದು ಅವರಿಷ್ಟ.

ಖರ್ಚಿನ ಮಾತು ನೀವು ಎತ್ತುತ್ತೀರಿ, ಗೊತ್ತು. ಪ್ಲಾಸ್ಟಿಕ್‌ಗೆ ಉಕ್ಕಿನ ಅಚ್ಚು ಮಾಡಿಸಬೇಕು, ಸಾವಿರಗಟ್ಟಲೆ ಮಾರದೆ ಅಸಲು ಹುಟ್ಟುವುದಿಲ್ಲ. ಅದಕ್ಕೇ ಗೊತ್ತಿರುವ ಯುದ್ಧ, ಗೊತ್ತಿರುವ ಗಿರಾಕಿ. ಆದರೆ ಬಿಳಿ ಲೋಹಕ್ಕೆ ರಬ್ಬರ್ ಅಚ್ಚು ಸಾಕು, ನೂರಿನ್ನೂರು ಮಾಡಿ ನಿಲ್ಲಿಸಬಹುದು. ಈಗಂತೂ ತ್ರೀಡಿ ಪ್ರಿಂಟರ್ ಬಂದಿದೆ, ಒಂದೇ ಒಂದು ಬೇಕಾದರೂ ಮಾಡಬಹುದು. ಗಿರಾಕಿ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಇಲ್ಲಿ ಇದ್ದೇವೆ, ಕೊಳ್ಳುವುದು ಕಷ್ಟ ಆಗಿದೆ ಅಷ್ಟೇ. ಇಂಡಿಯಾದಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70ಕ್ಕೆ. ನಿಮ್ಮ ಒಬ್ಬ ಸಿಪಾಯಿಯ ಬೆಲೆ ಕೇಳಿದರೆ ನಮ್ಮ ಮನೆಯವಳಿಗೆ ಸುಳ್ಳು ಹೇಳಬೇಕಾಗುತ್ತೆ. ಹೇಳುತ್ತೇನೆ ಕೂಡ.

ಹಾಗಾಗಿಯೇ ಈ ಪತ್ರದ ಅರ್ಧ ಚನ್ನಪಟ್ಟಣಕ್ಕೆ. ಹೋದ ವರ್ಷ ಅಲ್ಲಿ ಒಬ್ಬ ಹಿರಿಯರ ಹತ್ತಿರ ಕೂತು ಒಬ್ಬ ಸಿಪಾಯಿಯನ್ನು ಮಾಡಿಸಿದೆ. ಆಲೆಮರದ ತುಂಡನ್ನು ಚರಕಿಗೆ ಕೊಟ್ಟು, ಉಳಿ ಇಟ್ಟರು. ಎರಡು ನಿಮಿಷಕ್ಕೆ ತಲೆ, ಕುತ್ತಿಗೆ, ಹೊಟ್ಟೆ ಬಂತು. ತಿರುಗುತ್ತಿದ್ದ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿದರು, ಬಿಸಿಗೆ ಅರಗು ಕರಗಿ ಮೈಗೆಲ್ಲ ಹತ್ತಿತು. ತಾಳೆಗರಿಯಲ್ಲಿ ತಿಕ್ಕಿದರು, ಕನ್ನಡಿ ಹಾಗೆ ಹೊಳೆಯಿತು. ಕೋಟು ಆಯಿತು. ರುಮಾಲು ಬಿಳಿ. ಆಮೇಲೆ ಕನ್ನಡಕದ ಮೇಲಿಂದ ನನ್ನ ನೋಡಿ, "ಮೀಸೆ ಬೇಕಾ ಸಾರ್, ಹಂಗೇ ಬಿಡ್ಲಾ?" ಅಂದರು. ಬೇಕು ಅಂದೆ. ಒಂದೇ ಎಳೆತಕ್ಕೆ ಬರೆದರು. ಕೈಯಿಲ್ಲ, ಬಂದೂಕಿಲ್ಲ, ಕಾಲೂ ಇಲ್ಲ. ಆದರೂ ಯಾರಿಗೆ ತೋರಿಸಿದರೂ ಸಿಪಾಯಿ ಅಂತಲೇ ಹೇಳುತ್ತಾರೆ. ಮಗು ಬಾಯಿಗೆ ಇಟ್ಟರೂ ಭಯವಿಲ್ಲ.

ದುಂಡಗಿನ ಸಿಪಾಯಿ ಚರಕಿಯಲ್ಲಿ ಬರುತ್ತಾನೆ. ಎತ್ತು ಬರುತ್ತಾ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಮೈ ಬರುತ್ತೆ, ಕೊಂಬು ಬೇರೆ ಮಾಡಿ ಅಂಟಿಸಬೇಕು, ಟೈಮ್ ಹಿಡಿಯುತ್ತೆ" ಅಂದರು. ಎಷ್ಟು ಬೇಕು ಅಂತಲೂ ಕೇಳಿದರು. ಒಂದು ಫಿರಂಗಿಗೆ ಆಗುವಷ್ಟು, 20 ಜೊತೆ ಅಂದೆ. ಅವರು ನಕ್ಕು ಬೀಡಿ ಹಚ್ಚಿದರು.

ನೀವು ಲಂಡನ್ನಿನವರು ಮೊದಲು ಮಾಡುತ್ತೀರೋ ಚನ್ನಪಟ್ಟಣದವರು ಮೊದಲು ಮಾಡುತ್ತಾರೋ, ನನಗೆ ಎರಡೂ ಒಂದೇ. ಮುಂಗಡ ಕೊಡಲು ತಯಾರಿದ್ದೇನೆ. ಅಮೃತಮಹಲ್ ಎತ್ತು, ಕೊಂಬು ಹಿಂದಕ್ಕೆ ಬಾಗಿರಬೇಕು, ಮೂಗುದಾರ ಕಾಣಬೇಕು. ಕೊಂಬಿಗೆ ಬಣ್ಣ ಬಳಿಯಬೇಡಿ. ಅದನ್ನು ನಾನು ಸಂಕ್ರಾಂತಿಗೆ ಬಳಿಯುತ್ತೇನೆ.

ಇಂತಿ,
ಮೈಸೂರಿನ ಒಬ್ಬ ಸಂಗ್ರಹಕಾರ